ಪೋಕರ್ ಆಡಿ ಜೀವನ ನಡೆಸಬಹುದೇ? ಗೆದ್ದ ರೊಕ್ಕ ಬೇರೆ, ಗಳಿಸಿದ ರೊಕ್ಕ ಬೇರೆ

ಪ್ರಶ್ನೆ: “ಸರ, ನಮ್ಮ ಹುಡುಗ ಡಿಗ್ರಿ ಮುಗಿಸ್ಯಾನ. ನೌಕರಿ ಬ್ಯಾಡ, ಪೋಕರ್ ಆಡೇ ಜೀವನಾ ಮಾಡ್ತೀನಿ ಅಂತಾನ. ಒಬ್ಬೊಬ್ಬರು ಕೋಟಿಗಟ್ಟಲೆ ಗಳಿಸಿದ್ದು ಮೊಬೈಲ್‌ನ್ಯಾಗ ತೋರಸ್ತಾನ. ಇದು ಖರೇನ ಆಗೂ ಮಾತೇನ್ರಿ?” – ಜಮಖಂಡಿ ತಾಲ್ಲೂಕಿನ ಒಬ್ಬ ತಂದೆ

ಉತ್ತರ: ವಿಜಯಪುರದಲ್ಲಿ ಪಿಯು ಮಕ್ಕಳಿಗೆ ಗಣಿತ ಕಲಿಸುತ್ತೇನೆ, ಅದರಲ್ಲೂ ಸಂಭವನೀಯತೆ ನನ್ನ ಅಚ್ಚುಮೆಚ್ಚಿನ ಪಾಠ. ಇದು ಗೊತ್ತಿರುವವರು ಮದುವೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತರೂ ಇದನ್ನೇ ಕೇಳುತ್ತಾರೆ. ಕೇಳುವವರು ಒಮ್ಮೆ ತಂದೆ, ಒಮ್ಮೆ ತಾಯಿ, ಬಹಳ ಸಲ ಹುಡುಗನೇ. ಒಬ್ಬೊಬ್ಬರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ನೇರ ಉತ್ತರ. ಪೋಕರ್ ಎಂದರೆ ರೊಕ್ಕ ಕಟ್ಟಿ ಆಡುವ ಒಂದು ಇಸ್ಪೀಟ್ ಆಟ. ಅದನ್ನು ಆಡಿಯೇ ಮನೆ ನಡೆಸುವವರು ಜಗತ್ತಿನಲ್ಲಿದ್ದಾರೆ, ಅದು ಸುಳ್ಳಲ್ಲ. ಆದರೆ ಅಂಥವರು ಬಲು ಕಡಿಮೆ. ಈಗಿನ ಕಾನೂನಿನಲ್ಲಿ ನಮ್ಮ ದೇಶದಲ್ಲಿ ಹೊಸಬನಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಆದ್ದರಿಂದ ನೌಕರಿ ಬಿಟ್ಟು ಇದನ್ನೇ ನಂಬಿ ಕೂರುತ್ತೇನೆ ಎನ್ನುವ ಹುಡುಗನಿಗೆ ನನ್ನ ಉತ್ತರ: ಬೇಡ.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ. “ಮತ್ತ ಅವರು ಕೋಟಿ ಗಳಿಸಿದ್ದು?” ಎಂಬ ಮಾತು ಬಂದೇ ಬರುತ್ತದೆ. ಎಷ್ಟು ಸಲ ಬಿಡಿಸಿ ಹೇಳಿದರೂ ಜನರ ತಲೆಯಿಂದ ಹೋಗದ ತಪ್ಪು ತಿಳಿವಳಿಕೆ ಇದೇ. ಮೊಬೈಲಿನಲ್ಲಿ ಕಾಣುವ ಆ ಕೋಟಿ ಬಹುಮಾನದ ಮೊತ್ತ, ಆಟಗಾರನ ಗಳಿಕೆ ಅಲ್ಲ. ಮುಧೋಳದ ರೈತ ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲನ್ನೇ ಲಾಭ ಎನ್ನುತ್ತಾನೆಯೇ? ಬೀಜ, ಗೊಬ್ಬರ, ನೀರು, ಕಟಾವಿನ ಗ್ಯಾಂಗಿನ ಕೂಲಿ, ಸೊಸೈಟಿ ಸಾಲ ಎಲ್ಲ ಕಳೆದು ಉಳಿದದ್ದನ್ನು ಮಾತ್ರ ಎಣಿಸುತ್ತಾನೆ. ಪೋಕರ್ ಆಟಗಾರನ ವಿಷಯದಲ್ಲಿ ಮಾತ್ರ ನಾವು ಬಿಲ್ಲನ್ನಷ್ಟೇ ನೋಡಿ ಬೆರಗಾಗುತ್ತೇವೆ.

ಹುಡುಗರು ತೋರಿಸುವ ಪಟ್ಟಿ ಹೆಚ್ಚಾಗಿ ‘ಹೆಂಡನ್ ಮಾಬ್’ ಎಂಬ ದಾಖಲೆಯದು. ಯಾವ ಆಟಗಾರ ಯಾವ ಟೂರ್ನಮೆಂಟಿನಲ್ಲಿ ಎಷ್ಟು ಬಹುಮಾನ ಪಡೆದ ಎಂಬುದು ಅದರಲ್ಲಿ ಇರುತ್ತದೆ. ಆದರೆ ಆತ ಎಷ್ಟು ಟೂರ್ನಮೆಂಟುಗಳಿಗೆ ರೊಕ್ಕ ಕಟ್ಟಿ ಬರಿಗೈಯಲ್ಲಿ ಎದ್ದುಹೋದ ಎಂಬುದು ಇರುವುದಿಲ್ಲ. ಜಮೆಯ ಕಲಮು ಇದೆ, ಖರ್ಚಿನ ಕಲಮು ಇಲ್ಲ. ಅರ್ಧ ಖಾತೆ ನೋಡಿ ಯಾವ ಅಂಗಡಿಕಾರನೂ ವ್ಯಾಪಾರ ನಿರ್ಧರಿಸುವುದಿಲ್ಲ.

ಖರ್ಚಿನ ಕಲಮನ್ನೂ ತೆರೆದಿಟ್ಟ ಒಬ್ಬ ದೊಡ್ಡ ಆಟಗಾರನಿದ್ದಾನೆ, ಕೆನಡಾದ ಡ್ಯಾನಿಯಲ್ ನೆಗ್ರಾನು. 2017ರಲ್ಲಿ ಅವನು ಪಡೆದ ಬಹುಮಾನಗಳ ಮೊತ್ತ ಸುಮಾರು 28 ಲಕ್ಷ ಡಾಲರ್. ಮೊಬೈಲ್ ಪಟ್ಟಿಯಲ್ಲಿ ಕಾಣುವುದು ಇಷ್ಟೇ. ಆದರೆ ಆ ವರ್ಷ ಅವನು ಕಟ್ಟಿದ ಪ್ರವೇಶ ಶುಲ್ಕ, ಅಂದರೆ ಬೈ-ಇನ್, ಅದಕ್ಕಿಂತಲೂ ಹೆಚ್ಚಿತ್ತು. ವರ್ಷದ ಕೊನೆಗೆ 80 ಸಾವಿರ ಡಾಲರಿಗೂ ಮೀರಿ ನಷ್ಟ. ವಿಮಾನ, ಹೋಟೆಲಿನ ಖರ್ಚು ಇದರಲ್ಲಿ ಸೇರಿಲ್ಲ. ಇದನ್ನು ಅವನೇ ಬಹಿರಂಗವಾಗಿ ಬರೆದುಕೊಂಡ. ಜಗತ್ತಿನ ಅತಿ ಪ್ರಸಿದ್ಧ ಆಟಗಾರರಲ್ಲೊಬ್ಬನ ಒಂದು ವರ್ಷದ ಲೆಕ್ಕ ಹೀಗಿತ್ತು. ಇದನ್ನು ನಾಲ್ಕು ಸಲ ಓದಿ.

ಇನ್ನು ಗೆದ್ದ ರೊಕ್ಕವಾದರೂ ಗೆದ್ದವನದೇ ಎಂದುಕೊಳ್ಳಬೇಡಿ. ಲಾಸ್ ವೇಗಸ್‌ನಲ್ಲಿ 1970ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ ಪ್ರವೇಶ ಶುಲ್ಕ 10,000 ಡಾಲರ್. 2006ರಲ್ಲಿ ಅದನ್ನು ಗೆದ್ದ ಜೇಮಿ ಗೋಲ್ಡ್‌ನ ಬಹುಮಾನ 1 ಕೋಟಿ 20 ಲಕ್ಷ ಡಾಲರ್. ಗೆಲುವಿನ ಬೆನ್ನಿಗೇ ಒಬ್ಬಾತ ‘ಅರ್ಧ ನನ್ನದು, ಮೊದಲೇ ಮಾತಾಗಿತ್ತು’ ಎಂದು ಕೋರ್ಟಿಗೆ ಹೋದ. ಮುಂದೆ ಇಬ್ಬರೂ ರಾಜಿಯಾದರು. 2003ರಲ್ಲಿ ಸಣ್ಣ ಆನ್‌ಲೈನ್ ಪಂದ್ಯದಿಂದ ಮೇಲೆ ಬಂದು ಅದೇ ಪಂದ್ಯ ಗೆದ್ದ ಲೆಕ್ಕಿಗ ಕ್ರಿಸ್ ಮನಿಮೇಕರ್‌ನ ಕಥೆಯನ್ನು ಹುಡುಗರೆಲ್ಲ ಬಾಯಿಪಾಠ ಹೇಳುತ್ತಾರೆ. ಅವನು ಕೂಡ ಪಂದ್ಯಕ್ಕೆ ಮೊದಲೇ ತನ್ನ ಗೆಲುವಿನ ಪಾಲನ್ನು ತಂದೆಗೂ ಗೆಳೆಯನಿಗೂ ಮಾರಿದ್ದ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇದು ಆ ಇಬ್ಬರದೇ ವಿಶೇಷವಲ್ಲ, ಕಸುಬಿನ ರೀತಿಯೇ ಹಾಗೆ. ಇದಕ್ಕೆ ಸ್ಟೇಕಿಂಗ್ ಎನ್ನುತ್ತಾರೆ. ಒಬ್ಬ ಸಾಹುಕಾರ ಆಟಗಾರನ ಬೈ-ಇನ್ ಕಟ್ಟುತ್ತಾನೆ. ಸೋತದ್ದೆಲ್ಲ ಆಟಗಾರನ ಹೆಸರಿಗೆ ಬಾಕಿಯಾಗಿ ಕೂಡುತ್ತ ಹೋಗುತ್ತದೆ. ಆ ಬಾಕಿಗೆ ಮೇಕಪ್ ಎಂದು ಹೆಸರು. ಗೆದ್ದಾಗ ಮೊದಲು ಬಾಕಿ ತೀರಬೇಕು, ಉಳಿದದ್ದರಲ್ಲಿ ಹಂಚಿಕೆ. ಹತ್ತು ಲಕ್ಷ ಬಾಕಿ ಇದ್ದವನು ಹದಿನಾಲ್ಕು ಲಕ್ಷ ಗೆದ್ದ ಎನ್ನಿ. ಹತ್ತು ಸಾಹುಕಾರನಿಗೆ ಹೋಯಿತು. ಉಳಿದ ನಾಲ್ಕರಲ್ಲಿ ಅರ್ಧರ್ಧ ಎಂಬ ಕರಾರಿದ್ದರೆ ಆಟಗಾರನಿಗೆ ಎರಡು ಲಕ್ಷ. ಸುದ್ದಿಯಲ್ಲಿ ಬರುವುದು ಮಾತ್ರ ಹದಿನಾಲ್ಕು.

2024ರಲ್ಲಿ ಬೆಂಗಳೂರಿನ ಸಂತೋಷ್ ಸುವರ್ಣ ಅದೇ ವರ್ಲ್ಡ್ ಸೀರೀಸ್‌ನ ಒಂದು ಪಂದ್ಯದಲ್ಲಿ 54 ಲಕ್ಷ ಡಾಲರ್ ಗೆದ್ದರು. ಕನ್ನಡ ನಾಡಿಗೆ ಅದು ಹೆಮ್ಮೆಯ ಸಾಧನೆ, ನನಗೂ ಸಂತೋಷವಾಯಿತು. ಆದರೆ ಆ ಪಂದ್ಯಕ್ಕೆ ಕೂರಲು ಕಟ್ಟಬೇಕಾದದ್ದೇ 2.5 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ. ಡಿಗ್ರಿ ಮುಗಿಸಿದ ಹುಡುಗ ತನ್ನ ಭವಿಷ್ಯವನ್ನು ಆ ಮೇಜಿನಲ್ಲಿ ನೋಡಿಕೊಳ್ಳಬಾರದು.

ನಮ್ಮ ತೆರಿಗೆಯ ಲೆಕ್ಕವನ್ನೂ ಹಾಕೋಣ. ಇಸ್ಪೀಟ್ ಆಟದಲ್ಲಿ ಗೆದ್ದ ಹಣಕ್ಕೆ ಶೇ 30ರಷ್ಟು ಆದಾಯ ತೆರಿಗೆ, ಮೇಲೆ ಸೆಸ್ ಬೇರೆ. ಗೆಲ್ಲುವುದಕ್ಕೆ ಮಾಡಿದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ, ಬೇರೆ ಕಡೆ ಸೋತದ್ದನ್ನು ಹೊಂದಿಸುವಂತಿಲ್ಲ. ಒಬ್ಬನು ವರ್ಷವಿಡೀ ಮೇಜಿನ ಪಂದ್ಯಗಳಿಗೆ 20 ಲಕ್ಷ ಕಟ್ಟಿ 22 ಲಕ್ಷ ಬಹುಮಾನ ಗೆದ್ದ ಎಂದುಕೊಳ್ಳಿ. ನಿಜಕ್ಕೂ ಚೆನ್ನಾಗಿ ಆಡಿದ್ದಾನೆ, ಎರಡು ಲಕ್ಷ ಉಳಿದಿದೆ. ತೆರಿಗೆ ಬೀಳುವುದು ಆ ಎರಡು ಲಕ್ಷಕ್ಕಲ್ಲ, ಇಪ್ಪತ್ತೆರಡು ಲಕ್ಷಕ್ಕೆ: 6 ಲಕ್ಷ 60 ಸಾವಿರ. ಆಟದಲ್ಲಿ ಗೆದ್ದವನು ವರ್ಷದ ಕೊನೆಗೆ 4 ಲಕ್ಷ 60 ಸಾವಿರ ಸೋತ.

ಇನ್ನು ನಾವು ನೋಡದೇ ಇರುವ ಮಂದಿ. ಜೇಮಿ ಗೋಲ್ಡ್ ಗೆದ್ದ ಆ ಪಂದ್ಯಕ್ಕೆ ಕೂತವರು 8,773 ಮಂದಿ. ಏನಾದರೂ ಬಹುಮಾನ ಸಿಕ್ಕಿದ್ದು 873 ಜನರಿಗೆ. ಉಳಿದ 7,900 ಮಂದಿಯ ಫೋಟೊ ಯಾವ ಮೊಬೈಲಿಗೂ ಬರುವುದಿಲ್ಲ.

“ಆದರ ಸರ, ಚೊಲೋ ಆಡಾವ್ರು ಗೆದ್ದ ಗೆಲ್ತಾರಲ್ಲ?” ಎಂದು ಹುಡುಗರು ವಾದಕ್ಕೆ ನಿಲ್ಲುತ್ತಾರೆ. ಗೆಲ್ಲುತ್ತಾರೆ. ಪೋಕರ್‌ನಲ್ಲಿ ಕೌಶಲ ಇದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೌಶಲ ತನ್ನ ಫಲ ಕೊಡುವುದಕ್ಕೆ ಬಹಳ ಕಾಲ ತೆಗೆದುಕೊಳ್ಳುತ್ತದೆ. ಮೊದಲು ಕೈಗೆ ಹಂಚುವ ಎರಡು ಎಲೆ ಎಕ್ಕಾದ ಜೋಡಿಯಾಗಿ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ. ಅದು ಬಂದು, ಎದುರಿನವನ ಬಳಿ ರಾಜನ ಜೋಡಿ ಇದ್ದು, ಇಬ್ಬರೂ ಇದ್ದದ್ದನ್ನೆಲ್ಲ ಕಣಕ್ಕೆ ತಳ್ಳಿದರು ಎನ್ನಿ. ಇದಕ್ಕಿಂತ ಒಳ್ಳೆಯ ಸ್ಥಿತಿ ಸಿಗುವುದು ಕಷ್ಟ. ಆಗಲೂ ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ರಾಜನೇ ಗೆಲ್ಲುತ್ತಾನೆ. ತಪ್ಪೇ ಮಾಡದೆ ಸೋಲುವುದು ಈ ಕಸುಬಿನ ನಿತ್ಯದ ಪಾಡು.

ತರಗತಿಯಲ್ಲಿ ನಾನು ಮಾಡಿಸುವ ಒಂದು ಲೆಕ್ಕ ಇದೆ, ಕ್ಯಾಲ್ಕುಲೇಟರ್ ಇದ್ದರೆ ನೀವೂ ಮಾಡಿ. ನೂರು ಟೂರ್ನಮೆಂಟಿನಲ್ಲಿ ಹದಿನೈದರಲ್ಲಿ ಬಹುಮಾನ ಮುಟ್ಟುವವನೊಬ್ಬ ಇದ್ದಾನೆ ಎನ್ನಿ. ಸತತ ಹತ್ತು ಟೂರ್ನಮೆಂಟಿನಲ್ಲಿ ಅವನಿಗೆ ಏನೂ ಸಿಗದಿರುವ ಸಂಭವ ಎಷ್ಟು? 0.85 ಅನ್ನು ಅದರಿಂದಲೇ ಗುಣಿಸುತ್ತ ಹತ್ತು ಸಲದ ಘಾತ ತೆಗೆಯಿರಿ, ಸುಮಾರು 0.20 ಬರುತ್ತದೆ. ಅಂದರೆ ಅಂಥ ಐದು ಜನರಲ್ಲಿ ಒಬ್ಬ. ಇಪ್ಪತ್ತು ಟೂರ್ನಮೆಂಟಿಗೆ ತೆಗೆದರೆ 0.039, ಇಪ್ಪತ್ತಾರು ಜನರಲ್ಲಿ ಒಬ್ಬ. ವರ್ಷಕ್ಕೆ ಇಪ್ಪತ್ತು ಪಂದ್ಯ ಆಡುವ ಇಪ್ಪತ್ತಾರು ಜನ ಒಳ್ಳೆಯ ಆಟಗಾರರಲ್ಲಿ ಒಬ್ಬನಿಗೆ ಇಡೀ ವರ್ಷ ಒಂದು ರೂಪಾಯಿಯೂ ಬರುವುದಿಲ್ಲ, ಅದರಲ್ಲಿ ಅವನ ತಪ್ಪೂ ಇಲ್ಲ. ಈ ಉತ್ತರ ಬೋರ್ಡಿನ ಮೇಲೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಮನೆ ಖರ್ಚಿನ ರೊಕ್ಕ ಬೇರೆ ಇಟ್ಟು, ನೂರು ಬೈ-ಇನ್ ಆದರೂ ಆಟಕ್ಕೆಂದೇ ಇರಬೇಕು ಎಂದು ಅನುಭವಿ ಟೂರ್ನಮೆಂಟ್ ಆಟಗಾರರು ಹೇಳುವುದು ಇದಕ್ಕೇ. ಆ ನಿಧಿಯನ್ನು ಬ್ಯಾಂಕ್‌ರೋಲ್ ಎನ್ನುತ್ತಾರೆ. ಹತ್ತು ಸಾವಿರದ ಪಂದ್ಯ ಆಡುವವನಿಗೆ ಹತ್ತು ಲಕ್ಷ ಬೇಕು, ಅದೂ ಕಳೆದರೆ ಮನೆಯಲ್ಲಿ ಒಲೆ ಆರದಂಥ ಹತ್ತು ಲಕ್ಷ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಅದೇ ಆಟವನ್ನು ಜೂಜು ಎಂದಿತು. ನಮ್ಮ ಸರ್ಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಟ್ಟಿಲ್ಲ. ಆದರೆ ಆ್ಯಪುಗಳು ರೊಕ್ಕದ ಆಟ ನಿಲ್ಲಿಸಿದ ಮೇಲೆ ಆಡುವುದೆಲ್ಲಿ?

ಇದರ ಪೆಟ್ಟು ಎಲ್ಲಿ ಬಿದ್ದಿತು ಎಂಬುದು ಹುಡುಗರಿಗೆ ಅರ್ಥವಾಗಿಲ್ಲ. ಮೇಜಿನ ಸುತ್ತ ಕೂತು ಆಡಿದರೆ ತಾಸಿಗೆ ಮೂವತ್ತರಷ್ಟು ಕೈ, ಅಂದರೆ ಎಲೆ ಹಂಚಿ ಆಡುವ ಸುತ್ತು, ಮುಗಿಯುತ್ತವೆ. ಆನ್‌ಲೈನ್‌ನಲ್ಲಿ ನಾಲ್ಕಾರು ಮೇಜು ಒಟ್ಟಿಗೆ ತೆರೆದು ಅದರ ಎಷ್ಟೋ ಪಟ್ಟು ಆಡುತ್ತಿದ್ದರು, ಅದೂ ಐದು ಹತ್ತು ರೂಪಾಯಿಯ ಪಂದ್ಯದಲ್ಲಿ. ಅನುಭವವೆಲ್ಲ ಅಲ್ಲೇ ಕೂಡುತ್ತಿತ್ತು. ಈಗ ಬೆಳಗಾವಿಯ ಹುಡುಗ ಚೋರ್ಲಾ ಘಾಟಿ ಇಳಿದು ಪಣಜಿಗೆ ಹೋಗಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಬೇಕು. ಇಪ್ಪತ್ತೊಂದು ತುಂಬಿರಬೇಕು, ವಸತಿ, ಊಟ, ಪೆಟ್ರೋಲು ಸ್ವಂತದ್ದು. ಅಲ್ಲಿ ಐದು ರೂಪಾಯಿಯ ಮೇಜು ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಹಿರಿಯರು ಒಂದು ಮಾತು ತೆಗೆಯುತ್ತಾರೆ: “ಎಲ್ಲಾ ಇಸ್ಪೀಟ ಅಲ್ರಿ, ಅಂದರ್ ಬಾಹರ್‌ಗೂ ಇದಕ್ಕೂ ಏನ್ ಫರಕ?” ಜಮಖಂಡಿಯ ತಂದೆ ಇದನ್ನು ಕೇಳಿಲ್ಲ. ಆದರೂ ಹೇಳಲೇಬೇಕು, ಏಕೆಂದರೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಮನೆ ಹಾಳಾಗಿದ್ದು ಪೋಕರ್‌ನಿಂದಲ್ಲ, ಅಂದರ್ ಬಾಹರ್ ಮತ್ತು ಮಟ್ಕಾದಿಂದ.

ಸುಪ್ರೀಂ ಕೋರ್ಟ್ 1968ರಲ್ಲೇ ರಮ್ಮಿಯನ್ನು ಮೂರೆಲೆ ಆಟದಿಂದ ಬೇರ್ಪಡಿಸಿತು. ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ರಮ್ಮಿಯಲ್ಲಿದೆ. ಪೋಕರ್‌ನಲ್ಲೂ ಕೈ ಬಿಡುವುದೋ, ಏರಿಸುವುದೋ, ಎಷ್ಟು ಏರಿಸುವುದೋ ಎಂದು ಹೆಜ್ಜೆ ಹೆಜ್ಜೆಗೂ ಯೋಚನೆ ಇದೆ. ಅಂದರ್ ಬಾಹರ್‌ನಲ್ಲಿ ಆಡುವವನ ತೀರ್ಮಾನ ಒಂದೇ: ತೆರೆದಿಟ್ಟ ಎಲೆಯ ಜೋಡಿ ಬೀಳುವುದು ಒಳಗೋ, ಹೊರಗೋ. ಆಮೇಲೆ ಅವನು ಮಾಡುವುದು ಏನೂ ಇಲ್ಲ.

ಅಲ್ಲೂ ಗಣಿತ ಇದೆ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವ ಸಂಭವ ನೂರಕ್ಕೆ 51.5, ಇನ್ನೊಂದು ಕಡೆ 48.5. ಇದು ಗೊತ್ತಿದ್ದೇ ಕ್ಯಾಸಿನೊದವರು ಮೊದಲ ಎಲೆಯ ಕಡೆ ನೂರು ಹಚ್ಚಿ ಗೆದ್ದವನಿಗೆ ತೊಂಬತ್ತೇ ಕೊಡುತ್ತಾರೆ, ಇನ್ನೊಂದು ಕಡೆಗೆ ನೂರಕ್ಕೆ ನೂರು. ಗುಣಿಸಿ ನೋಡಿ: ಒಂದು ಕಡೆ ನೂರು ರೂಪಾಯಿಗೆ ಸರಾಸರಿ 2 ರೂಪಾಯಿ 15 ಪೈಸೆ ನಷ್ಟ, ಇನ್ನೊಂದು ಕಡೆ 3 ರೂಪಾಯಿ. ಲಾಭದ ಕಡೆ ಎಂಬುದೇ ಇಲ್ಲ, ನಲವತ್ತು ವರ್ಷ ಆಡಿದವನಿಗೂ ಇಲ್ಲ.

ಊರ ಹೊರಗಿನ ಅಡ್ಡೆಯಲ್ಲಿ ಗೆಳೆಯರೇ ಆಡುವುದರಿಂದ ರೊಕ್ಕ ಎಲ್ಲಿಗೂ ಹೋಗುವುದಿಲ್ಲ ಎನ್ನುವವರೂ ಇದ್ದಾರೆ. ಅಡ್ಡೆ ನಡೆಸುವವನು ಪ್ರತಿ ಸುತ್ತಿನಲ್ಲೂ ತನ್ನ ಪಾಲು ತೆಗೆಯುತ್ತಾನಲ್ಲ? ಹತ್ತು ಜನ ತಲಾ 1,000 ರೂಪಾಯಿ ತಂದಿದ್ದಾರೆ, ಒಟ್ಟು 10,000. ಪ್ರತಿ ಸುತ್ತಿಗೆ ಕಣದಲ್ಲಿ 1,000 ಬೀಳುತ್ತದೆ, ಅವನು ನೂರಕ್ಕೆ ಐದರಂತೆ 50 ತೆಗೆಯುತ್ತಾನೆ ಎನ್ನಿ. ನೂರು ಸುತ್ತು ಮುಗಿಯುವಷ್ಟರಲ್ಲಿ 5,000 ಅವನ ಜೇಬಿನಲ್ಲಿ, ಯಾರು ಗೆದ್ದರೂ ಯಾರು ಸೋತರೂ. ಪೋಕರ್ ಮೇಜಿನಲ್ಲಿ ಇದೇ ಕಡಿತಕ್ಕೆ ರೇಕ್ ಎಂದು ಹೆಸರು. ಎದುರಿಗೆ ಕೂತವರಿಗಿಂತ ನೂರಕ್ಕೆ ಮೂರರಷ್ಟು ಚೆನ್ನಾಗಿ ಆಡುವವನು ನೂರಕ್ಕೆ ಐದು ರೇಕ್ ಇರುವ ಮೇಜಿನಲ್ಲಿ ಕೂತರೆ, ಅವನೂ ಸೋಲುತ್ತಾನೆ.