ಸಮುದ್ರಕ್ಕೆ ರಂಟಿ ಹೊಡೆಯುವ ಗಾಳಿ

ರಾತ್ರಿ ಹನ್ನೆರಡಕ್ಕೆ ಹುಬ್ಬಳ್ಳಿ ಬಿಟ್ಟೆವು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಾರವಾರ. ಒಟ್ಟು ಎಂಟು ಜನ. ಏಳು ಮಂದಿ ಹಕ್ಕಿ ನೋಡುವ ಹುಚ್ಚಿನವರು, ಎಂಟನೆಯವರು ಬ್ಯಾಡಗಿ ಹತ್ತಿರದ ಹಳ್ಳಿಯ ನಮ್ಮ ಕಾಕಾ. ಜೀವನವೆಲ್ಲ ಹೊಲದಲ್ಲೇ ಕಳೆದವರು. ಗೋಕರ್ಣದ ದಂಡೆಯಲ್ಲಿ ನಿಂತು ಸಮುದ್ರ ನೋಡಿದ್ದರು, ಒಳಗೆ ಹೋಗಿರಲಿಲ್ಲ.

ಸೆಪ್ಟೆಂಬರ್ ಮಧ್ಯದ ದಿನ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ನೀರಿಗಿಳಿಯುವಂತಿಲ್ಲ, ಆಗಸ್ಟ್‌ನಲ್ಲಿ ಅಲೆ ಜೋರು, ಹಾಗಾಗಿ ಸೆಪ್ಟೆಂಬರ್‌ಗೆ ಕಾದಿದ್ದೆವು. ಒಂದು ಮೀನಿನ ಬೋಟನ್ನು ದಿನದ ಬಾಡಿಗೆಗೆ ಹಿಡಿದಿದ್ದೆವು. ಬೆಳಕು ಹರಿಯುವ ಮುಂಚೆ ಹೊರಟು ಎರಡು ತಾಸು ಪಶ್ಚಿಮಕ್ಕೆ ಹೋದರೂ ಕಂಡದ್ದು ನಾಲ್ಕಾರು ರೀವ ಹಕ್ಕಿ ಮಾತ್ರ. "ಏನೂ ಇಲ್ಲಲ್ಲೋ ಇಲ್ಲಿ, ಬರೇ ನೀರು" ಅಂದರು ಕಾಕಾ. ನಿಜವಾಗಿ ಹಾಗೇ ಕಾಣುತ್ತದೆ. ಗಿಡ ಇಲ್ಲ, ಗುಡ್ಡ ಇಲ್ಲ, ಕಣ್ಣಿಗೆ ಗುರುತು ಅಂತ ಒಂದೂ ಇಲ್ಲ. ಇಷ್ಟು ಖಾಲಿ ಜಾಗದಲ್ಲಿ ಹಕ್ಕಿ ಊಟ ಹುಡುಕುವುದಾದರೂ ಹೇಗೆ?

ಮೂಗಿನಿಂದ. ಇದನ್ನು ನಾವು ಅಲ್ಲೇ ನೋಡಿದೆವು. ಬೋಟು ನಡೆಸುವ ತಾಂಡೇಲರು ಎಂಜಿನ್ ನಿಲ್ಲಿಸಿದರು. ಮೀನೆಣ್ಣೆ, ಕೊಚ್ಚಿದ ತಾರ್ಲೆ ಮೀನು ಕಲಸಿ ನೀರಿಗೆ ಸುರಿದೆವು. ಎಣ್ಣೆ ತೆಳ್ಳಗೆ ಹರಡಿತು. ಅರ್ಧ ತಾಸಿನೊಳಗೆ, ಗಾಳಿ ಯಾವ ಕಡೆ ಹೋಗುತ್ತಿತ್ತೋ ಆ ಕಡೆಯಿಂದಲೇ, ಗಾಳಿಗೆ ಎದುರಾಗಿ ಅಡ್ಡಡ್ಡ ಹಾರುತ್ತ ಕಪ್ಪನೆಯ ಚುಕ್ಕಿಗಳು ಬಂದವು. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್! ತೂಕ 40 ಗ್ರಾಂ ಆಸುಪಾಸು. ಗುಬ್ಬಿಗಿಂತ ಸ್ವಲ್ಪ ದೊಡ್ಡದು ಅನ್ನಿ. ಕಾಲು ಇಳಿಬಿಟ್ಟು ನೀರಿನ ಮೇಲೆ ಪಟಪಟ ಹೆಜ್ಜೆ ಹಾಕುತ್ತ ಎಣ್ಣೆಯ ಚೂರು ಹೆಕ್ಕುತ್ತದೆ. ಈ ಹಕ್ಕಿ ಮೊಟ್ಟೆ ಇಡುವುದು ಅಂಟಾರ್ಕ್ಟಿಕಾ ಕಡೆಯ ಬಂಡೆ ಸಂದಿಗಳಲ್ಲಿ. ಅಲ್ಲಿ ಚಳಿಗಾಲ ಬಿದ್ದಾಗ ನಮ್ಮ ಅರಬ್ಬಿ ಸಮುದ್ರದವರೆಗೂ ಬರುತ್ತದೆ, ಬೇಸಿಗೆ ಶುರುವಾಗುವ ಹೊತ್ತಿಗೆ ವಾಪಸ್.

ಎಣ್ಣೆ ನಾವು ಸುರಿದದ್ದಾಯಿತು. ಸುರಿಯುವವರಿಲ್ಲದ ದಿನ? ಸಮುದ್ರದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಸಸ್ಯಗಳಿವೆ, ಸಸ್ಯ ಪ್ಲ್ಯಾಂಕ್ಟನ್ ಅಂತಾರೆ. ಸಣ್ಣ ಸಿಗಡಿಯಂಥ ಜೀವಿಗಳು ಅವನ್ನು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಎನ್ನುವ ಅನಿಲ ಹೊರಬರುತ್ತದೆ. ದಂಡೆಯಲ್ಲಿ ನಿಂತಾಗ ಮೂಗಿಗೆ ಬಡಿಯುವ 'ಸಮುದ್ರದ ವಾಸನೆ'ಯಲ್ಲಿ ಇದರ ಪಾಲೂ ಇದೆ. ಪೆಟ್ರೆಲ್ ಜಾತಿಯ ಕೆಲವು ಹಕ್ಕಿಗಳು ಇದೇ ವಾಸನೆ ಹಿಡಿದು ಬರುತ್ತವೆ ಅಂತ ವಿಜ್ಞಾನಿ ಗೇಬ್ರಿಯೆಲ್ ನೆವಿಟ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಅಂದರೆ ಎಲ್ಲಿ ಮೇವು ಮೇಯಲಾಗುತ್ತಿದೆಯೋ ಅಲ್ಲಿಂದ ಗಾಳಿಗುಂಟ ಒಂದು ಸುದ್ದಿ ಹೊರಡುತ್ತದೆ. ನಮಗೆ ಬರೇ ನೀರು ಕಂಡ ಜಾಗ ಅವುಗಳಿಗೆ ಹೋಟೆಲ್ ಸಾಲಿನ ಓಣಿ ಇದ್ದ ಹಾಗೆ.

ಹನ್ನೊಂದರ ಹೊತ್ತಿಗೆ ದೂರದಲ್ಲಿ ರೀವಗಳ ದೊಡ್ಡ ಗುಂಪು. ಒಂದರ ಹಿಂದೆ ಒಂದು ನೀರಿಗೆ ಬೀಳುತ್ತಿವೆ. ಸ್ವಲ್ಪ ದೂರದಲ್ಲೇ ಎಂಜಿನ್ ಬಂದ್ ಮಾಡಿಸಿದೆವು. ಹತ್ತಿರ ನುಗ್ಗಿದರೆ ಅವುಗಳ ಊಟ ಕೆಡುತ್ತದೆ. ಹಕ್ಕಿಗಳ ನಡುವೆ ಬುಸ್ ಅಂತ ಹಬೆ ಎದ್ದಿತು, ಆಮೇಲೆ ಉದ್ದನೆಯ ಕಪ್ಪು ಬೆನ್ನು ಉರುಳಿ ಹೋಯಿತು, ಕೊನೆಗೆ ಕೊಡಲಿಯ ಬಾಯಿಯಂತೆ ಬಾಗಿದ ಸಣ್ಣ ರೆಕ್ಕೆ. ಮತ್ತೊಮ್ಮೆ ಎದ್ದಾಗ ತಲೆಯ ಮೇಲೆ ಮೂರು ಏಣು ಕಂಡವು. ಬ್ರೈಡ್ಸ್ ತಿಮಿಂಗಿಲ. ಹನ್ನೆರಡು ಮೀಟರಿಗೂ ಜಾಸ್ತಿ ಬೆಳೆಯುತ್ತದೆ, ಬಿಸಿ ಸಮುದ್ರಗಳಲ್ಲೇ ಇರುತ್ತದೆ. ಮೂರು ಸಲ ಕಂಡಿತು, ಅಷ್ಟೇ. ಯಾರೂ ಮಾತಾಡಲಿಲ್ಲ. ಕಾಕಾ ಮಾತ್ರ ಹಕ್ಕಿಗಳನ್ನು ನೋಡುತ್ತಲೇ ಅಂದರು, "ರಂಟಿ ಹಿಂದ ಬೆಳ್ಳಕ್ಕಿ ಬಂದಂಗ ಆತಲ್ಲೋ ಇದು."

ರಂಟಿ ಅಂದರೆ ನಮ್ಮ ಕಡೆ ನೇಗಿಲು. ನನಗೆ ಆ ಮಾತು ಇವತ್ತಿಗೂ ಬಿಡುತ್ತಿಲ್ಲ. ಕೆಳಗಿನಿಂದ ದೊಡ್ಡ ಪ್ರಾಣಿ ಮೀನು ಎಬ್ಬಿಸುತ್ತದೆ, ಮೇಲೆ ಹಕ್ಕಿ ಹೆಕ್ಕುತ್ತದೆ, ಅಷ್ಟರಮಟ್ಟಿಗೆ ತಿಮಿಂಗಿಲವೇ ರಂಟಿ. ಆದರೆ ಆ ಹೊಲವನ್ನು ಮೊದಲೇ ಉತ್ತದ್ದು ಗಾಳಿ. ಮಳೆಗಾಲದಲ್ಲಿ ಗಾಳಿ ದಂಡೆಗುಂಟ ದಕ್ಷಿಣದ ಕಡೆ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲಿನ ಬಿಸಿ ನೀರು ಆ ಗಾಳಿಯ ಬಲಕ್ಕೆ, ಅಂದರೆ ದಂಡೆಯಿಂದ ದೂರಕ್ಕೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ. ಸತ್ತ ಜೀವಿಗಳು ತಳಕ್ಕೆ ಇಳಿದು ಕೊಳೆತು ಆದ ಗೊಬ್ಬರವೆಲ್ಲ ಆ ನೀರಿನಲ್ಲಿದೆ. ಅದಕ್ಕೆ ಬಿಸಿಲು ತಾಗಿದ್ದೇ ತಡ, ಪ್ಲ್ಯಾಂಕ್ಟನ್ ಬೆಳೆ ಎದ್ದು ನಿಲ್ಲುತ್ತದೆ. ಅದನ್ನು ತಿಂದು ತಾರ್ಲೆ, ಬಂಗಡೆ. ಹಾವೇರಿಯಲ್ಲಿ ನಾವು ಮುಗಿಲು ನೋಡುತ್ತ ಕೂತಿರುವ ಅದೇ ದಿನಗಳಲ್ಲಿ, ಅದೇ ಮುಂಗಾರು ಆ ಕಡೆ ಸಮುದ್ರವನ್ನೂ ಉಳುತ್ತಿರುತ್ತದೆ. ಘಟ್ಟದಲ್ಲಿ ಸುರಿದು ಉಳಿದದ್ದಷ್ಟೇ ನಮ್ಮ ಬಯಲಿಗೆ ಬರುವುದು, ಅಲ್ವಾ? ಸಮುದ್ರಕ್ಕೆ ಮಾತ್ರ ಅದು ಜಾಸ್ತಿಯೇ ಕೊಡುತ್ತದೆ.

ತಿಮಿಂಗಿಲಗಳೂ ಈ ಒಕ್ಕಲುತನದಲ್ಲಿ ಕೈ ಹಾಕುತ್ತವೆ. ಕೆಳಗೆ ಹೋಗಿ ತಿಂದು, ಮೇಲೆ ಬಂದು ಲದ್ದಿ ಹಾಕುತ್ತವೆ. ಅದರಲ್ಲಿ ಕಬ್ಬಿಣ, ಸಾರಜನಕ ಎರಡೂ ಇವೆ. ಹೊಲದಲ್ಲಿ ಕುರಿ ನಿಲ್ಲಿಸಿದ ಹಾಗೆ ಅಂದೆ, ಕಾಕಾ ತಲೆಯಾಡಿಸಿದರು.

ಈ ಗಾಳಿಯನ್ನೇ ನಂಬಿ ಇಲ್ಲೇ ಉಳಿದ ಇನ್ನೊಂದು ತಿಮಿಂಗಿಲವಿದೆ, ಗೂನು ಬೆನ್ನಿನ ಹಂಪ್‌ಬ್ಯಾಕ್. ಜಗತ್ತಿನ ಉಳಿದ ಹಂಪ್‌ಬ್ಯಾಕ್‌ಗಳು ಮೇವಿಗಾಗಿ ಧ್ರುವಗಳ ಕಡೆ ಸಾವಿರಾರು ಕಿಲೋಮೀಟರ್ ಹೋಗುತ್ತವೆ. ಅರಬ್ಬಿ ಸಮುದ್ರದವು ಹೋಗುವುದಿಲ್ಲ, ಮೇವು ಇಲ್ಲೇ ಸಿಗುತ್ತದೆ. ಸುಮಾರು 70,000 ವರ್ಷಗಳಿಂದ ಬೇರೆಯವುಗಳ ಜೊತೆ ಬೆರೆತಿಲ್ಲ ಅಂತ ಅವುಗಳ ಡಿಎನ್ಎ ಹೇಳುತ್ತದೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ನಿಯಮ ಮೀರಿ ಈ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಇವತ್ತು ಒಮಾನ್ ಕಡೆ ನೂರೂ ಇಲ್ಲ ಅನ್ನುವುದು ಅಂದಾಜು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. 2017ರ ಕೊನೆಗೆ ಒಮಾನ್‌ನಲ್ಲಿ ಒಂದು ಹೆಣ್ಣಿಗೆ ಉಪಗ್ರಹದ ಟ್ಯಾಗ್ ಹಾಕಿದರು. ಅದು ಸಮುದ್ರ ದಾಟಿ ನಮ್ಮ ಕೇರಳದ ಕಡೆಗೇ ಬಂದುಬಿಟ್ಟಿತು! ಅದರ ಹೆಸರು ಲುಬಾನ್. ಅರಬ್ಬಿ ಭಾಷೆಯಲ್ಲಿ ಹಾಗಂದರೆ ಧೂಪ, ನಮ್ಮ ಹುಬ್ಬಳ್ಳಿ ಅಂಗಡಿಗಳಲ್ಲಿ ಸಿಗುವ ಲೋಬಾನದ್ದೇ ಹೆಸರು.

ಹಂಪ್‌ಬ್ಯಾಕ್ ಬಾಲದ ಅಡಿಭಾಗದ ಕಪ್ಪು ಬಿಳುಪು ಒಂದೊಂದರಲ್ಲಿ ಒಂದೊಂದು ಥರ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಒಮಾನ್‌ನ ಫೋಟೋಕ್ಕೆ ಇಲ್ಲಿಯದು ತಾಳೆಯಾದರೆ ಒಂದೇ ತಿಮಿಂಗಿಲ ಅಂತ ಗೊತ್ತಾಗುತ್ತದೆ. ವಾಪಸ್ ಬರುವಾಗ ತಾಂಡೇಲರಿಗೆ ಇದನ್ನು ಹೇಳಿದೆ. ಅವರು ಫೋನ್ ತೆಗೆದು, ಬಲೆ ಎಳೆಯುವಾಗ ತೆಗೆದಿದ್ದ ಎರಡು ವಿಡಿಯೋ ತೋರಿಸಿದರು. ಎರಡರಲ್ಲೂ ಬೆನ್ನಷ್ಟೇ ಇತ್ತು, ಅಷ್ಟರಲ್ಲೇ ವಿಡಿಯೋ ಮುಗಿಯುತ್ತಿತ್ತು. "ಇನ್ನು ಬಾಲ ಎತ್ತುವ ತನಕ ಫೋನ್ ಇಳಿಸೋದಿಲ್ಲ" ಅಂದರು.