ಮೂರು ಕಾಲಿನ ಲೆಕ್ಕ

ನಮ್ಮ ನಾಯಿ ಕರಿಯನ ಎಡ ಮುಂಗಾಲು ತೋರಿಸಲು ಕರೆದುಕೊಂಡು ಹೋದರೆ ಡಾಕ್ಟರು ಮೊದಲು ನೋಡಿದ್ದು ಕಣ್ಣನ್ನು. ಪುಟ್ಟ ಟಾರ್ಚ್ ಹಿಡಿದು ಕರಿಯನ ಎರಡೂ ಕಣ್ಣಿಗೆ ಬೆಳಕು ಬಿಟ್ಟರು. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಾಗಿತ್ತು. ಆಮೇಲೆ ಬೆನ್ನಿನ ಚರ್ಮವನ್ನು ಅಲ್ಲಲ್ಲಿ ಚಿವುಟಿದರು. ಬಲಪಕ್ಕೆಯ ಚರ್ಮ ಪಟ್ಟನೆ ಅದುರಿತು, ಎಡಪಕ್ಕೆಯದು ಅಲ್ಲಾಡಲಿಲ್ಲ. ಹಸುವಿನ ಮೈಮೇಲೆ ನೊಣ ಕೂತರೆ ಅದು ನಿಂತಲ್ಲೇ ಚರ್ಮ ಅದುರಿಸಿ ಓಡಿಸುತ್ತದಲ್ಲ, ಅದೇ ಸ್ನಾಯು ನಾಯಿಗೂ ಇದೆ. ಅದಕ್ಕೆ ಹೋಗುವ ನರ, ಪಾಪೆಯನ್ನು ಅಗಲಿಸುವ ನರ, ಮುಂಗಾಲಿನ ನರಗಳು ಎಲ್ಲವೂ ಕುತ್ತಿಗೆ ಎದೆಗೆ ಕೂಡುವ ಕಡೆ ಬೆನ್ನುಹುರಿಯಿಂದ ಅಕ್ಕಪಕ್ಕದಲ್ಲೇ ಹೊರಡುತ್ತವೆ. ಕಾರು ಗುದ್ದಿದ ರಭಸಕ್ಕೆ ಕಾಲು ಮೈಯಿಂದಾಚೆ ಜಗ್ಗಿ, ಆ ನರಗಳು ಬೇರುಸಮೇತ ಕಿತ್ತುಬಂದಿದ್ದವು. "ಮೂಳೆ ಮುರಿದಿದ್ರೆ ಕೂಡಿಸಬಹುದಿತ್ತು ಸಾರ್. ಬೇರು ಕಿತ್ತ ನರ ಕೂಡಲ್ಲ," ಎಂದರು.

ಕರಿಯ ನಮ್ಮ ಬೀದಿಯವನು. ಅಪಘಾತವಾದ ಮೇಲೆ ನಮ್ಮ ಮನೆಯವನಾದ. ಹತ್ತು ದಿನ ಎಡಗಾಲನ್ನು ಎಳೆದುಕೊಂಡೇ ಓಡಾಡಿದ್ದರಿಂದ ಪಾದದ ಮೇಲ್ಭಾಗ ಟಾರು ರಸ್ತೆಗೆ ಉಜ್ಜಿ ಹಸಿಮಾಂಸ ಕಾಣುತ್ತಿತ್ತು. ಅದು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಕಾಲು ತೆಗೆಯಬೇಕು ಎಂದಾಗ ಅಮ್ಮ, "ಮೂರ್ ಕಾಲಲ್ಲಿ ಅದು ಬದುಕಿ ಏನ್ ಮಾಡ್ಬೇಕು ಮಗಾ?" ಎಂದು ಅಡುಗೆಮನೆಗೆ ಹೋಗಿಬಿಟ್ಟರು. ನನಗೂ ಅದೇ ಪ್ರಶ್ನೆ ಇತ್ತು, ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೆ.

ಮುಂಗಾಲು ತೆಗೆಯುವಾಗ ಸಾಮಾನ್ಯವಾಗಿ ಹೆಗಲಿನ ಅಗಲ ಮೂಳೆಯನ್ನೂ ಸೇರಿಸಿಯೇ ತೆಗೆಯುತ್ತಾರೆ. ಮೊಣಕೈವರೆಗಾದರೂ ಉಳಿಸಬಾರದೇ ಎಂದು ನಮಗೆ ಅನಿಸುತ್ತದೆ. ಆದರೆ ಉಳಿದ ಮೋಟನ್ನು ನಾಯಿ ನೆಲಕ್ಕೆ ಊರಲು ಹೋಗಿ ಹುಣ್ಣು ಮಾಡಿಕೊಳ್ಳುತ್ತದೆ. ಕೆಲಸವಿಲ್ಲದ ಸ್ನಾಯು ಕರಗಿ, ಮೂಳೆಯ ಏಣು ಚರ್ಮದಡಿ ಎದ್ದು ಕಾಣತೊಡಗುತ್ತದೆ. ಇನ್ನೊಂದು ಕಾರಣ ನಾಯಿಯ ಮೈಕಟ್ಟಿನಲ್ಲೇ ಇದೆ. ನಮ್ಮ ತೋಳು ಕಾಲರ್ ಬೋನ್ ಮೂಲಕ ಎದೆಗೂಡಿಗೆ ಮೂಳೆಯ ಕೊಂಡಿ ಹಾಕಿಕೊಂಡಿದೆ. ನಾಯಿಗೆ ಆ ಕೊಂಡಿ ಇಲ್ಲ. ಅದರ ಎದೆ ಎರಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ಹಾಗಾಗಿ ಒಂದು ಕೀಲನ್ನೂ ಬಿಚ್ಚದೆ, ಒಂದು ಮೂಳೆಯನ್ನೂ ಗರಗಸದಿಂದ ಕೊಯ್ಯದೆ, ಸ್ನಾಯು, ರಕ್ತನಾಳ, ನರಗಳನ್ನಷ್ಟೇ ಬಿಡಿಸಿ ಇಡೀ ಕಾಲನ್ನು ತೆಗೆಯಬಹುದು. ಹಿಂಗಾಲಿನ ಕಥೆ ಬೇರೆ. ಅದು ಸೊಂಟದ ಕೀಲಿನಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಕೀಲು ಬಿಡಿಸಬೇಕು, ಇಲ್ಲವೇ ತೊಡೆಮೂಳೆಯನ್ನು ಮೇಲ್ಭಾಗದಲ್ಲಿ ಕತ್ತರಿಸಬೇಕು. ಕೃತಕ ಕಾಲು ಹಾಕಿಸಬೇಕೆಂಬ ಆಸೆ ಇದ್ದರೆ ಆಪರೇಷನ್ನಿಗೆ ಮೊದಲೇ ಹೇಳಬೇಕು. ಬುಡದಿಂದ ತೆಗೆದ ಮೇಲೆ ಅದನ್ನು ಸಿಕ್ಕಿಸಲು ಜಾಗವೇ ಇರುವುದಿಲ್ಲ.

ಮರುದಿನ ಸಂಜೆ ಮನೆಗೆ ಬಂದ. ಅರ್ಧ ಮೈ ಬೋಳಿಸಿ, ಎದೆಯ ಪಕ್ಕದಲ್ಲಿ ಗೇಣುದ್ದ ಹೊಲಿಗೆ, ಕೊರಳಿಗೆ ಪ್ಲಾಸ್ಟಿಕ್ ಕೋನ್. ಆ ರಾತ್ರಿ ಅವನು ಕುಂಯ್‌ಗುಟ್ಟಿದ್ದು ಇನ್ನೂ ಕಿವಿಯಲ್ಲಿದೆ. ಅದೆಲ್ಲವೂ ನೋವಿನಿಂದಲೇ ಅಂತಲ್ಲ, ಅಫೀಮಿನ ಜಾತಿಯ ನೋವುಮದ್ದು ಕೊಟ್ಟಾಗ ಕೆಲವು ನಾಯಿಗಳು ಅಮಲಿನಲ್ಲಿ ಹೀಗೆ ಗೋಳಾಡುತ್ತವೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅದೇ ಮದ್ದು ಕರುಳನ್ನೂ ನಿಧಾನ ಮಾಡುತ್ತದೆ. ಮೂರು ದಿನ ಅವನು ಕಕ್ಕಸು ಮಾಡದೇ ಇದ್ದಾಗ ನಾವು ಗಾಬರಿಯಾದೆವು, ಅವರು ಆಗಲಿಲ್ಲ.

ಆ ರಾತ್ರಿ ನನ್ನ ಕೈ ಅಮ್ಮನ ಮಂಡಿನೋವಿನ ಮಾತ್ರೆಯ ಹತ್ತಿರ ಹೋಗಿತ್ತು. ಅದನ್ನು ಕೊಡದೇ ಇದ್ದದ್ದು ಪುಣ್ಯ. ಅದು ಡೈಕ್ಲೋಫೆನಾಕ್. ಸಾಯುವ ಮೊದಲು ಅದೇ ಮದ್ದು ಕೊಟ್ಟಿದ್ದ ದನಗಳ ಮಾಂಸ ತಿಂದು ನಮ್ಮ ಉಪಖಂಡದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ನಿರ್ನಾಮದ ಅಂಚಿಗೆ ಬಂದವು, 2006ರಲ್ಲಿ ಭಾರತದಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ನಾಯಿಗೂ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಹೊಟ್ಟೆಯಲ್ಲಿ ಹುಣ್ಣು ತರಿಸಿ ಮೂತ್ರಪಿಂಡ ಕೆಡಿಸಬಲ್ಲವು. ನಾಯಿಗೆಂದೇ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಇವೆ. ಅವನ್ನೂ ಡಾಕ್ಟರು ಬರೆದಷ್ಟೇ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕೊಡಬೇಕು, ಸ್ಟೀರಾಯ್ಡ್ ಜೊತೆ ಸೇರಿಸಬಾರದು.

ಇಲ್ಲದ ಕಾಲಿನ ನೋವಿನದು ಇನ್ನೊಂದು ವಿಚಿತ್ರ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಸೈಲಾಸ್ ವೇರ್ ಮಿಚೆಲ್ 1871ರಲ್ಲಿ ಅದಕ್ಕೆ 'ಭೂತದ ಅಂಗ' ಎಂಬ ಅರ್ಥದ ಹೆಸರಿಟ್ಟ. ಕತ್ತರಿಸಿದ ನರದ ತುದಿ ಮತ್ತು ಬೆನ್ನುಹುರಿ, ಕಾಲೇ ಇಲ್ಲದಿದ್ದರೂ, ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ನಾಯಿಗೆ ಅದು ಹೇಗೆ ಅನಿಸುತ್ತದೆಂದು ಕೇಳುವ ಹಾಗಿಲ್ಲ. ಆದರೆ ಮಲಗಿದ್ದ ಕರಿಯ ಒಮ್ಮೊಮ್ಮೆ ಧಡಕ್ಕನೆ ಎದ್ದು ಚೀರಿ, ಎಡಗಡೆಗೆ ತಿರುಗಿ ಏನೋ ಕಚ್ಚಿತೆಂಬಂತೆ ನೋಡುತ್ತಿದ್ದ. ನರ ಕತ್ತರಿಸುವ ಮೊದಲೇ ಅದಕ್ಕೆ ಮರಗಟ್ಟುವ ಮದ್ದು ಚುಚ್ಚುವುದು, ಆಮೇಲೆ ಕೆಲವು ವಾರ ಗ್ಯಾಬಪೆಂಟಿನ್ ಎಂಬ ನರನೋವಿನ ಮದ್ದು ಕೊಡುವುದು ಇದಕ್ಕಾಗಿಯೇ. ಗ್ಯಾಬಪೆಂಟಿನ್ ಮಾತ್ರೆ ಮನುಷ್ಯರದ್ದನ್ನೇ ಬರೆದುಕೊಡುತ್ತಾರೆ, ಸರಿ. ಆದರೆ ಅದರ ಸಿರಪ್ಪಿನಲ್ಲಿ ಸಿಹಿಗೆಂದು ಜೈಲಿಟಾಲ್ ಹಾಕಿರುವುದುಂಟು. ಅದು ನಾಯಿಗೆ ವಿಷ, ಒಳಗೆ ಹೋದರೆ ರಕ್ತದ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ. ಮಾತ್ರೆಯನ್ನು ತಟಕ್ಕನೆ ನಿಲ್ಲಿಸುವ ಹಾಗೂ ಇಲ್ಲ, ಹಂತಹಂತವಾಗಿ ಇಳಿಸಬೇಕು. ಅದು ಒಳಗಿದ್ದಷ್ಟು ದಿನ ನಾಯಿ ತೂರಾಡುತ್ತದೆ. ಮೂರು ಕಾಲಿನದಾದರೆ ಇನ್ನೂ ಎದ್ದು ಕಾಣುತ್ತದೆ.

ಗಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತರಿಂದ ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಅಲ್ಲಿಯವರೆಗೆ ಕೋನ್ ತೆಗೆಯಬಾರದು, ಪಾಪ ಅನಿಸಿದರೂ. ನಾಲ್ಕನೆಯ ದಿನ ಹೊಲಿಗೆಯ ಕೆಳಗೆ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗೆ ಊದಿಕೊಂಡಿತ್ತು. ಕಾಲು ಇದ್ದ ಟೊಳ್ಳಿನಲ್ಲಿ ಮೈಯ ದ್ರವ ಜಿನುಗಿ, ತಗ್ಗಿದ್ದ ಕಡೆ ಇಳಿದು ನಿಲ್ಲುವುದು ಅದು. ಫೋಟೋ ಕಳಿಸಿ ಕೇಳಿ, ಸೂಜಿ ಹಾಕದೆ ಬಿಟ್ಟೆವು, ಮೈಯೇ ಹೀರಿಕೊಂಡಿತು. ಪಕ್ಕದ ಮನೆಯವರು ಹೇಳಿದ ಅರಿಶಿನ, ಕೊಬ್ಬರಿ ಎಣ್ಣೆಯನ್ನೂ ಹಚ್ಚಲಿಲ್ಲ. ನಮ್ಮ ಹವೆಯಲ್ಲಿ ನಿಜವಾದ ಶತ್ರು ನೊಣ. ಹಸಿ ಗಾಯದಲ್ಲಿ ಮೊಟ್ಟೆಯಿಟ್ಟರೆ ಒಂದು ದಿನ ಕಳೆಯುವುದರೊಳಗೆ ಹುಳ ಓಡಾಡುತ್ತವೆ. ಹಾಗಾಗಿ ಹಗಲೂ ಒಳಗೇ, ಮಗುವಿನ ಸೊಳ್ಳೆಪರದೆಯಡಿ ಮಲಗಿಸಿದೆವು. ಕೀವು, ಕೆಟ್ಟ ವಾಸನೆ, ಬಿಚ್ಚಿಕೊಂಡ ಹೊಲಿಗೆ, ಬಿಳಿಚಿದ ವಸಡು ಕಂಡರೆ, ಇಲ್ಲವೇ ಒಂದು ದಿನ ಪೂರ್ತಿ ಅನ್ನ ಮುಟ್ಟದಿದ್ದರೆ ಕಾಯಬಾರದು. ಜ್ವರ ನೋಡುವವರು ನೆನಪಿಡಿ, ನಾಯಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಜ್ವರವಲ್ಲ, ಸಹಜ.

ನಮಗೆ ನಿಜವಾದ ಪರೀಕ್ಷೆ ಬಂದದ್ದು ನೆಲದಿಂದ. ನಮ್ಮದು ಹಳೆಯ ಮನೆ, ಕೆಂಪು ಕಾವಿ ನೆಲ, ಅಮ್ಮ ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟದ್ದು. ಕರಿಯ ಆಪರೇಷನ್ನಾದ ಮರುದಿನವೇ ಎದ್ದು ನಿಂತಿದ್ದ, ಬಹುಪಾಲು ನಾಯಿಗಳು ನಿಲ್ಲುತ್ತವೆ. ಹಜಾರಕ್ಕೆ ಎರಡು ಹೆಜ್ಜೆ ಇಟ್ಟ, ಉಳಿದ ಒಂದೇ ಮುಂಗಾಲು ಬಲಕ್ಕೆ ಜಾರಿತು, ಗದ್ದ ನೆಲಕ್ಕೆ ಬಡಿಯಿತು. ಎರಡು ಮುಂಗಾಲಿದ್ದಾಗ ಒಂದು ಜಾರಿದರೆ ಇನ್ನೊಂದು ಹಿಡಿಯುತ್ತದೆ. ಈಗ ಹಿಡಿಯುವವರಿಲ್ಲ. ಮೊದಲು ಗೋಣಿಚೀಲ ಹಾಸಿದೆ. ಚೀಲವೇ ಅವನ ಸಮೇತ ಜಾರಿತು. ಕೊನೆಗೆ ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತಂದು ಕತ್ತರಿಸಿ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಒಂದು ದಾರಿ ಮಾಡಿದೆ. ಎರಡೇ ದಿನದಲ್ಲಿ ಅವನು ಆ ಕಪ್ಪು ದಾರಿ ಬಿಟ್ಟು ಕೆಂಪು ನೆಲಕ್ಕೆ ಪಾದ ಇಡುವುದನ್ನೇ ನಿಲ್ಲಿಸಿದ. ಬೆರಳುಗಳ ಸಂದಿಯ ಕೂದಲು ಕತ್ತರಿಸಿ ಉಗುರು ಮೊಟಕು ಮಾಡಿದ್ದೂ ಉಪಯೋಗಕ್ಕೆ ಬಂತು. ನೆಲ ಹಿಡಿಯುವುದು ಪಾದದ ಮೆತ್ತೆ, ಕೂದಲು ಉಗುರುಗಳಲ್ಲ. ಮೊದಲ ವಾರ ಎದೆಯಡಿ ಒಂದು ಹಳೆ ಪಂಚೆ ತೂರಿಸಿ, ತುದಿ ಹಿಡಿದುಕೊಂಡು ಹಿತ್ತಲಿಗೆ ಒಯ್ಯುತ್ತಿದ್ದೆ. ಹಿಂಗಾಲು ಹೋದ ನಾಯಿಗಾದರೆ ಹೊಟ್ಟೆಯಡಿ ಹಾಕಬೇಕು.

ಇದರ ಹಿಂದೆ ಒಂದು ಲೆಕ್ಕವಿದೆ. ನಿಂತ ನಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 60 ಮುಂಗಾಲುಗಳ ಮೇಲೆ, 40 ಹಿಂಗಾಲುಗಳ ಮೇಲೆ ಇರುತ್ತದೆ. ದೊಡ್ಡ ತಲೆ, ಕುತ್ತಿಗೆ, ಎದೆ ಎಲ್ಲ ಮುಂದೆಯೇ ಇವೆಯಲ್ಲ. ಅಂದರೆ ಒಂದು ಮುಂಗಾಲಿನ ಪಾಲು 30. ಒಂದು ಹೋದರೆ ಉಳಿದದ್ದರ ಮೇಲೆ 60 ಬೀಳಬೇಕಿತ್ತು, ಆದರೆ ನಾಯಿ ಜಾಣ. ಹಿಂಗಾಲುಗಳನ್ನು ಮುಂದಕ್ಕೆ ತಂದು, ಬೆನ್ನು ಬಾಗಿಸಿ, ಭಾರವನ್ನು ಹಿಂದಕ್ಕೆ ತಳ್ಳಿ, ಒಂಟಿ ಮುಂಗಾಲಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಳಿಸಿಕೊಳ್ಳುತ್ತದೆ. ಆ ಕಾಲೂ ತನ್ನ ಮೂಲ ಜಾಗ ಬಿಟ್ಟು ಎದೆಯ ನಡುಗೆರೆಗೆ ಸರಿಯುತ್ತದೆ. ಎದುರಿನಿಂದ ನೋಡಿದರೆ ಈಗ ಕರಿಯನ ಕಾಲು ಎದೆಯ ಮಧ್ಯದಿಂದಲೇ ಇಳಿದಂತಿದೆ. 'ನಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂದು ಹಠಮಾರಿಗಳನ್ನು ಆಡಿಕೊಳ್ಳುತ್ತೇವಲ್ಲ, ಆ ಮೊಲ ಇದ್ದಿದ್ದರೆ ಹೀಗೆಯೇ ನಿಲ್ಲುತ್ತಿತ್ತೇನೋ.

ನೋಡುವವರಿಗೆ ವಿಚಿತ್ರ ಅನಿಸುವುದು, ಅವನಿಗೆ ಓಡುವುದಕ್ಕಿಂತ ನಿಧಾನ ನಡೆಯುವುದೇ ಕಷ್ಟ ಎಂಬುದು. ನಾಲ್ಕು ಕಾಲಿನ ನಾಯಿ ನಡೆಯುವಾಗ ಸದಾ ಎರಡೋ ಮೂರೋ ಪಾದ ನೆಲದ ಮೇಲಿರುತ್ತವೆ. ಮುಂಗಾಲು ಒಂದೇ ಇದ್ದಾಗ, ಅದು ಮೇಲೆದ್ದ ಪ್ರತಿ ಸಲವೂ ಮುಂಭಾಗಕ್ಕೆ ಆಧಾರವೇ ಇಲ್ಲ. ಹಾಗಾಗಿ ತಲೆ ಎತ್ತಿ ಕುಪ್ಪಳಿಸಲೇಬೇಕು. ವೇಗವಿದ್ದರೆ ಆ ಕುಪ್ಪಳಿಕೆ ಸರಾಗ, ನಿಧಾನವಾದರೆ ಪ್ರತಿ ಹೆಜ್ಜೆಗೂ ಮೈಯನ್ನು ಹೊಸದಾಗಿ ಎತ್ತಿದ ಹಾಗೆ. ಸೈಕಲ್ ನಿಧಾನ ಹೊಡೆಯುವ ಸ್ಪರ್ಧೆಯಲ್ಲಿ ಬಿದ್ದವರಿಗೆ ಇದು ಗೊತ್ತು. ಜೊತೆಗೆ ಹಗ್ಗ ಹಿಡಿದು ಹೋಗುವ ನಾವು ನಿಧಾನ ನಡೆದರೆ ಉಪಕಾರ ಮಾಡುತ್ತಿದ್ದೇವೆ ಎಂದುಕೊಳ್ಳುತ್ತೇವೆ! ಐದು ನಿಮಿಷ ಅವನ ವೇಗಕ್ಕೆ ಹೋಗಿ, ಕೂರಲು ಬಿಟ್ಟು, ವಾಪಸು ಬರುವುದು ಮೇಲು. ಅದೂ ಹೊಲಿಗೆ ಬಿಚ್ಚಿದ ಮೇಲೆ.

ಮೆಟ್ಟಿಲು ಇಳಿಯುವುದು, ಬಗ್ಗಿ ತಿನ್ನುವುದು ಎರಡೂ ಆ ಒಂದು ಕಾಲಿಗೆ ಶಿಕ್ಷೆ. ತಟ್ಟೆಯನ್ನು ಎದೆಯೆತ್ತರಕ್ಕೆ, ಒಂದು ಮಣೆಯ ಮೇಲೆ ಇನ್ನೊಂದು ಮಣೆ ಪೇರಿಸಿ ಇಟ್ಟೆವು.

ಅಮ್ಮನಿಗೂ ನನಗೂ ಜಗಳ ಹತ್ತಿದ್ದು ಬಿಸ್ಕತ್ತಿನ ವಿಷಯಕ್ಕೆ. "ಕಾಲು ಹೋಗಿದೆ, ತಿನ್ನೋಕೂ ಬೇಡ್ವಾ?" ಎಂದು ಅವರ ವಾದ. ಕರಿಯ 18 ಕಿಲೋ. ಪಶುವೈದ್ಯರ ಒಂದು ಸೂತ್ರದ ಪ್ರಕಾರ, ಸುಮ್ಮನೆ ಬಿದ್ದಿರುವ ಇಷ್ಟು ತೂಕದ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 610 ಕ್ಯಾಲೊರಿ. ಮನೆಯಲ್ಲಿ ಓಡಾಡಿಕೊಂಡಿದ್ದರೆ ಇನ್ನೂರು ಮುನ್ನೂರು ಹೆಚ್ಚು. ಚಹಾದ ಜೊತೆ ತಿನ್ನುವ ಒಂದು ಬಿಸ್ಕತ್ತು 25 ಕ್ಯಾಲೊರಿ ಆಸುಪಾಸು, ಅಮ್ಮ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಹಾಕುತ್ತಿದ್ದರು. ಕೂಡಿಸಿ ನೋಡಿ. ನಾಲ್ಕು ಕಾಲಿನ ನಾಯಿ ಕುಕ್ಕುಲೋಟದಲ್ಲಿ ಹೋಗುವಾಗಲೇ ಒಂದು ಮುಂಗಾಲು ಒಂದು ಕ್ಷಣ ತಡೆದುಕೊಳ್ಳುವ ಬಲ ಅದರ ಇಡೀ ಮೈತೂಕದಷ್ಟಿರುತ್ತದೆ. ಕಾಲು ಒಂದೇ ಆದಾಗ ಪ್ರತಿ ಹೆಚ್ಚುವರಿ ಕಿಲೋವನ್ನೂ ಅದೇ ಮಣಿಕಟ್ಟು, ಅದೇ ಮೊಣಕೈ ಹೊರಬೇಕು. ಅಮೆರಿಕದಲ್ಲಿ 64 ನಾಯಿಗಳ ಒಡೆಯರನ್ನು ವಿಚಾರಿಸಿದ 2015ರ ಒಂದು ಅಧ್ಯಯನದಲ್ಲಿ, ಕಾಲು ತೆಗೆದ ಮೇಲೂ ನಾಯಿಯ ಸ್ವಭಾವ ಬದಲಾಗಿಲ್ಲ ಎಂದವರು 58 ಮಂದಿ. ಆಪರೇಷನ್ ವೇಳೆಗೇ ಮೈ ಬಂದಿದ್ದ ನಾಯಿಗಳು ಮಾತ್ರ ಹಿಂದೆ ಬಿದ್ದಿದ್ದವು. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸುಲಭವಾಗಿ ಸಿಗಬೇಕು, ಅದು ಅಳತೆ. ಈಗ ಅಮ್ಮ ಬಿಸ್ಕತ್ತನ್ನು ನಾಲ್ಕು ಚೂರು ಮಾಡಿ ನಾಲ್ಕು ಸಲ ಕೊಡುತ್ತಾರೆ. ಕರಿಯನಿಗೆ ಚೂರಿನ ಗಾತ್ರ ಮುಖ್ಯವಲ್ಲ, ಎಷ್ಟು ಸಲ ಸಿಕ್ಕಿತು ಎಂಬುದು ಮುಖ್ಯ.

ಎಲ್ಲರ ಲೆಕ್ಕವೂ ಹೀಗಿರುವುದಿಲ್ಲ. ಗ್ರೇಟ್ ಡೇನ್, ರಾಟ್‌ವೈಲರ್‌ನಂಥ ದೊಡ್ಡ ತಳಿಗಳಲ್ಲಿ ಕಾಲು ತೆಗೆಯಲು ಮುಖ್ಯ ಕಾರಣ ಮೂಳೆಯ ಕ್ಯಾನ್ಸರು. ಅದು ಸಾಮಾನ್ಯವಾಗಿ ಮುಂಗಾಲಿನಲ್ಲಾದರೆ ಮೊಣಕೈಯಿಂದ ದೂರ, ಹಿಂಗಾಲಿನಲ್ಲಾದರೆ ಮಂಡಿಗೆ ಹತ್ತಿರ ಬರುತ್ತದೆ. ಬರೀ ಕಾಲು ತೆಗೆದರೆ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳು ದಾಟುವುದಿಲ್ಲ, ಕೀಮೋ ಸೇರಿಸಿದರೆ ಆ ಗಡಿ ಹತ್ತು ಹನ್ನೆರಡು ತಿಂಗಳಿಗೆ ಹೋಗುತ್ತದೆ. ಅಲ್ಲಿ ಕಾಲು ತೆಗೆಯುವುದು ಮೊದಲಿಗೆ ನೋವು ತೆಗೆಯಲು. ಚೇತರಿಕೆಗೆ ಬೇಕಾಗುವ ಒಂದು ತಿಂಗಳು ಆ ಮನೆಗಳಲ್ಲಿ ದೊಡ್ಡ ತಿಂಗಳು.

ನಮ್ಮ ಹಿತ್ತಲಲ್ಲಿ ಒಂದು ತೆಂಗಿನ ಮರವಿದೆ. ಆಪರೇಷನ್ನಾದ ಆರನೆಯ ದಿನ ಕರಿಯ ಹಳೆಯ ಅಭ್ಯಾಸದಂತೆ ಅದರ ಪಕ್ಕ ನಿಂತು ಎಡ ಹಿಂಗಾಲು ಎತ್ತಿದ. ಎಡಕ್ಕೆ ಉರುಳಿ ಮರಕ್ಕೆ ಒರಗಿದ. ಎಡಗಾಲು ಎತ್ತಿದರೆ ಉಳಿಯುವುದು ಬಲ ಮುಂಗಾಲು, ಬಲ ಹಿಂಗಾಲು. ಎರಡೂ ಒಂದೇ ಪಕ್ಕ, ಮೈಯ ಭಾರಕ್ಕೆ ಇನ್ನೊಂದು ಪಕ್ಕದಲ್ಲಿ ಆಧಾರವಿಲ್ಲ. ಬಲ ಹಿಂಗಾಲನ್ನೇ ಎತ್ತಿದರೆ? ಬಲ ಮುಂಗಾಲು, ಎಡ ಹಿಂಗಾಲು ಕರ್ಣರೇಖೆಯಲ್ಲಿ ಉಳಿಯುತ್ತವೆ, ಭಾರ ಆ ಗೆರೆಯ ಮೇಲೇ ಬರುತ್ತದೆ. ಇದನ್ನು ನಾನು ಕಾಗದದ ಮೇಲೆ ಚಿತ್ರ ಬರೆದು ಕಂಡುಕೊಂಡೆ. ಅವನು ಎರಡು ದಿನ ಕುಕ್ಕರಗಾಲಿನಲ್ಲಿ ಮುಗಿಸಿ, ಒಂಬತ್ತನೆಯ ದಿನ ಮರದ ಹತ್ತಿರ ಬಂದು ನಿಂತ, ಏನೋ ಯೋಚಿಸಿದವನಂತೆ ಮೂಸಿದ, ಅರ್ಧ ಸುತ್ತು ಬಳಸಿ ಮರವನ್ನು ಬಲಕ್ಕೆ ಮಾಡಿಕೊಂಡ, ಬಲಗಾಲು ಎತ್ತಿದ. ಅಂದಿನಿಂದ ಆ ತೆಂಗಿನ ಮರಕ್ಕೆ ಅವನದು ದಿನವೂ ಅರ್ಧ ಪ್ರದಕ್ಷಿಣೆ.