ಮನೆ ಸೋರುವುದು ಬ್ರೋಕರ್‌ಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ

ರೂಮಿಗೆಲ್ಲ ಹಳೇ ಬಣ್ಣ, ವಾರ್ಡ್‌ರೋಬ್ ಹಿಂದಿನ ಗೋಡೆಗೆ ಮಾತ್ರ ಹೊಸ ಪೇಂಟ್. ಹಳೇ ಫ್ಲ್ಯಾಟ್ ನೋಡಲು ಹೋದಾಗ ಇಂಥದ್ದು ಕಂಡರೆ ಅಲ್ಲೇ ನಿಂತು ಕೇಳಿ. ಮಳೆಗಾಲದಲ್ಲಿ ಈ ಗೋಡೆ ಒದ್ದೆಯಾಗುತ್ತಾ? ಮೇಲಿನ ಮನೆಯ ಬಾತ್‌ರೂಮ್ ನೀರು ಇಳಿಯುತ್ತಾ? "ಏನಿಲ್ಲ ಸರ್, ಸುಮ್ನೆ ಪೇಂಟ್ ಹೊಡೆಸಿದ್ದಾರೆ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಸಿಗದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. ಈ ಕಲಂನಲ್ಲಿ ಬ್ರೋಕರ್ ಪ್ರಸ್ತಾಪವೇ ಇಲ್ಲ, ನಿಜ. ಆದರೆ 1872ರ ಕರಾರು ಕಾಯ್ದೆಯ 17ನೇ ಕಲಂ, ಗೊತ್ತಿದ್ದೂ ಮರೆಮಾಚುವುದನ್ನು ವಂಚನೆ ಎನ್ನುತ್ತದೆ. ಮಾಲೀಕನ ಪರವಾಗಿ ಏಜೆಂಟ್ ಮಾಡಿದರೂ ಅಷ್ಟೇ. ಸೋರುವ ಗೋಡೆಗೆ ಪೇಂಟ್ ಬಳಿಸುವುದು ಬರೀ ಮೌನವಲ್ಲ.

ಹೊಸ ಪ್ರಾಜೆಕ್ಟ್ ಆದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆ. ಏಜೆಂಟ್ ನೋಂದಣಿ ಮಾಡಿಸಿರಬೇಕು, ಬುಕಿಂಗ್ ವೇಳೆ ನಿಮಗೆ ಸಲ್ಲಬೇಕಾದ ಮಾಹಿತಿ, ದಾಖಲೆ ಸಿಗುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಫ್ಲ್ಯಾಟ್ ಬೆಲೆಯ ಶೇ. 5ರವರೆಗೂ. ಇಪ್ಪತ್ತು ವರ್ಷದ ಹಳೇ ಮನೆ ಕೈ ಬದಲಾಗುವಾಗ ಈ ರಕ್ಷಣೆ ಸಿಗುವುದಿಲ್ಲ. ಎರಡೂ ಕಡೆಯಿಂದ ಕಮಿಷನ್ ಪಡೆಯುವ ಬ್ರೋಕರ್ ಒಂದೇ ಕಡೆಯ ಗುಟ್ಟು ಕಾಯುವುದು ಅನ್ಯಾಯ ಅಲ್ವಾ? ಈ ಮಾರಾಟಕ್ಕೂ ನಿಯಮ ಬರಲೇಬೇಕು.

ಬೆಂಗಳೂರಿನಲ್ಲಿ ಇನ್ನೊಂದು ಭಯ, ಮನೆ ರಾಜಕಾಲುವೆಯ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಜಾಗದಲ್ಲಿದೆಯಾ ಎಂಬುದು. ಇಸಿ (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಇದೆ ಎಂದು ಬ್ರೋಕರ್ ತೋರಿಸುತ್ತಾರೆ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ, ಕಾಲುವೆ ಅಲ್ಲ. ಅದಕ್ಕೆ ಗ್ರಾಮ ನಕ್ಷೆ ನೋಡಬೇಕು, ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಬೇಕು. ನೋಡದೆ ಕೊಂಡರೆ "ನಕ್ಷೆಯಲ್ಲೇ ಇತ್ತಲ್ಲ" ಎಂದು ಮಾರಿದವರು ಕೋರ್ಟಿನಲ್ಲಿ ವಾದಿಸಬಹುದು. ಸಾಧಾರಣ ಎಚ್ಚರ ಎಂಬ ಮಾತು ಆಗ ನಿಮಗೇ ತಿರುಗುತ್ತದೆ.

ಹಾಗಾಗಿ ಬ್ರೋಕರ್‌ಗೆ ಪ್ರಶ್ನೆಗಳನ್ನು ವಾಟ್ಸ್ಆ್ಯಪ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಅಗ್ರಿಮೆಂಟ್‌ನಲ್ಲಿ ಹೀಗೆ ಬರೆಸಿ: "ಈ ಮನೆಯಲ್ಲಿ ಸೋರಿಕೆಯಾಗಲಿ, ಮಳೆನೀರು ನುಗ್ಗಿದ್ದಾಗಲಿ, ರಾಜಕಾಲುವೆ ಒತ್ತುವರಿ ನೋಟಿಸ್ ಆಗಲಿ ನನಗೆ ತಿಳಿದಂತೆ ಇಲ್ಲ." ಇದಕ್ಕೆ ಸಹಿ ಹಾಕಲು ಓನರ್ ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡಿ.